ಹೀಟ್ ಪಂಪಿಗೆ ದೃಷ್ಟಿಯಾಯಿತು

ಗೆಳೆಯರೇ, ಮಿಷನ್ನಿಗೂ ದೃಷ್ಟಿಯಾಗುತ್ತದಂತೆ. ಇವತ್ತು ತಮಿಳುನಾಡಿನ ಉತ್ತಮಪಾಳಯಂನಲ್ಲಿರುವ ಅಕ್ಕನ ಮನೆಯಲ್ಲಿ ಕಣ್ಣಾರೆ ಕಂಡೆ.

ಹೊಗೆ ಕುಡಿದು ಅಕ್ಕನಿಗೆ ಉಬ್ಬಸ. ಅದಕ್ಕೇ ಬಾವ ಬಚ್ಚಲ ಒಲೆ ಒಡೆಸಿ, ಗಾಳಿಯಿಂದ ಬಿಸಿ ಹೀರಿ ನೀರು ಕಾಯಿಸುವ ಹೀಟ್ ಪಂಪ್ ಹಾಕಿಸಿದ್ದಾರೆ. ಇಟ್ಟಿದ್ದು ಹಿತ್ತಿಲಲ್ಲಲ್ಲ, ಬೀದಿಗೆಲ್ಲ ಕಾಣುವಂತೆ ತಲೆಬಾಗಿಲ ಪಕ್ಕ. ಇವತ್ತು ಮೊಮ್ಮಗಳ ಕಿವಿ ಚುಚ್ಚುವ ಶಾಸ್ತ್ರ. ನೆಂಟರ ಕಣ್ಣು ಬೀಳದಿರಲೆಂದು ನಿನ್ನೆಯೇ ಅದಕ್ಕೆ ಟಾರ್ಪಾಲು ಸುತ್ತಿ ಹಗ್ಗ ಬಿಗಿದಿದ್ದರು. ಬೆಳಿಗ್ಗೆ ಅದು ಕೀಂ ಕೀಂ ಎಂದು ಕೂಗಿ ನಿಂತೇಹೋಯಿತು. ಅಕ್ಕ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು, ತೆಂಗಿನ ಗರಿ ಉರಿಸಿ, ಕೆಮ್ಮುತ್ತ ಎಲ್ಲರಿಗೂ ನೀರು ಕಾಯಿಸಿದಳು.

"ಕಣ್ಣು ಪಟ್ಟುಡುಚ್ಚು," ದೃಷ್ಟಿ ತಗುಲಿದೆ ಎಂದು ನೆಂಟರೊಬ್ಬರು ತಮಿಳಿನಲ್ಲೇ ತೀರ್ಪು ಕೊಟ್ಟರು.

"ಬಾವಾ, ಅದಕ್ಕೆ ಗಾಳಿ ಬೇಕು. ಟಾರ್ಪಾಲು ಬಿಚ್ಚಿ" ಅಂದೆ.

"ನೀ ಸುಮ್ನಿರಮ್ಮ. ನಿನ್ನೆ ಬಂದೋಳೇ 'ಎಷ್ಟು ಚೆಂದಾಗೈತೆ' ಅಂದಿದ್ದು ನೀನೇ ತಾನೆ?"

ಬಾವ ಬೂದುಗುಂಬಳಕಾಯಿ ತರಿಸಿ, ಮೇಲೆ ಕರ್ಪೂರ ಹಚ್ಚಿ, ಮಿಷನ್ನಿಗೆ ನಿವಾಳಿಸಿ, ಬೀದಿಯಲ್ಲಿ ಒಡೆಯಲು ಹೋದರು. ಹಿಂದೆಯೇ ನೆಂಟರೆಲ್ಲ ಹೋದರು. ಅಷ್ಟರಲ್ಲಿ ನಾನು ಟಾರ್ಪಾಲು ಕಿತ್ತು, ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಫ್ಯಾನು ಗುಂಯ್ ಎಂದಿತು.

ಬಾವ ಓಡಿ ಬಂದರು. "ನೋಡಿದ್ರಾ? ಕಾಯಿ ಒಡೆದ ಕೂಡ್ಲೇ ಓಡ್ತು!"

ನೆಂಟರು ಕೈಮುಗಿದರು. ಹಿತ್ತಿಲಿಂದ ಅಕ್ಕನ ಕೆಮ್ಮು ಕೇಳಿಸಿತು.

"ಅವಳಿಗೂ ಒಂದು ಕಾಯಿ ನಿವಾಳಿಸ್ಬೇಕು" ಅಂದರು ಬಾವ.

ಟಾರ್ಪಾಲು ಇನ್ನೂ ನನ್ನ ಕೈಯಲ್ಲೇ ಇತ್ತು. ಸುತ್ತಬೇಕಾದ ತಲೆಯೂ ಎದುರಿಗೇ ಇತ್ತು. ಅಕ್ಕನ ಮುಲಾಜಿಗೆ ಮಡಿಸಿಟ್ಟು ಬಂದೆ.