ಗಂಜಿ ಹಚ್ಚಿದ ಪುಗ್ಗಾ

ಕೊಲ್ಹಾಪುರದ ಅಂಗಡಿಯೊಂದರಲ್ಲಿ ನಿಂತು ಪುಗ್ಗಾದ, ಅಂದರೆ ಬಲೂನಿನ, ಪೊಟ್ಟಣ ಹರಿದೆ. ರಬ್ಬರು, ಅದರ ಮೇಲೆ ಉದುರಿಸಿದ ಪೌಡರು, ಎರಡೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ಎದ್ದು ಕೂತಿತು. ಅಪ್ಪನ ಮೇಲಿನ ಸಿಟ್ಟು. ಮೂವತ್ತು ವರ್ಷವಾಯಿತು, ಆರಿಲ್ಲ. ಆರುವುದಾದರೂ ಹೇಗೆ ಹೇಳಿ? ಅಪ್ಪ ನಮ್ಮ ಜೊತೆಗೇ ಇದ್ದಾನೆ, ಗಟ್ಟಿಮುಟ್ಟಾಗಿದ್ದಾನೆ. ಚೆನ್ನಾಗಿ ನಡೆಯುತ್ತಿದ್ದ ಮಿಕ್ಸರನ್ನು ಬಿಚ್ಚಿ ಹರವಿಕೊಂಡು ಕೂತಿದ್ದಾನೆಂದು ಈಗಷ್ಟೇ ಫೋನಿನಲ್ಲಿ ಬೈದು ಮುಗಿಸಿದ್ದೆ.

ಅಪ್ಪ ಇಚಲಕರಂಜಿಯ ಸೈಜಿಂಗಿನಲ್ಲಿ ಕೆಲಸಕ್ಕಿದ್ದ. ನೂಲು ಮಗ್ಗಕ್ಕೆ ಹೋಗುವ ಮೊದಲು ಅದಕ್ಕೆ ಗಂಜಿ ಕುಡಿಸುವ ಜಾಗ ಅದು. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಪಟಪಟ ಹರಿಯುತ್ತದೆ. ಇಷ್ಟು ತಿಳಿದ ಮೇಲೆ ಜಗತ್ತಿನಲ್ಲಿ ತಿಳಿಯುವಂಥದ್ದು ಮತ್ತೇನೂ ಉಳಿದಿಲ್ಲ ಎಂದು ಅಪ್ಪನ ನಂಬಿಕೆ. ಕೊಡೆ ಸೋರಿದರೆ ಗಂಜಿ, ಪುಸ್ತಕದ ರಟ್ಟು ಕಿತ್ತರೆ ಗಂಜಿ, ಚಪ್ಪಲಿಯ ಅಟ್ಟೆ ಬಿಟ್ಟರೆ ಗಂಜಿ. ಅವ್ವ ಒಮ್ಮೆ ತಲೆಕೆಟ್ಟು ಅವನ ಗಂಜಿಯ ಡಬ್ಬಿಯನ್ನು ಮೋರಿಗೆ ಸುರುವಿದಳು. ಮರುದಿನ ದೊಡ್ಡ ಡಬ್ಬಿ ಬಂತು.

ನನಗೆ ಒಂಬತ್ತು ತುಂಬುವಾಗಿನ ಮಾತು. ಸಾಲುಮನೆಗಳ ನಮ್ಮ ಚಾಳಿನಲ್ಲಿ ಹುಟ್ಟುಹಬ್ಬ ಮಾಡುವ ರೂಢಿ ಇರಲಿಲ್ಲ. ಶಾಲೆಯ ಮರಾಠಿ ಗೆಳತಿಯರ ಮನೆಯಲ್ಲಿ ಕೇಕು ತಿಂದು ತಿಂದು ನನಗೇ ನಾಚಿಕೆಯಾಗಿ, ಹಟ ಹಿಡಿದು ಐದು ಮಂದಿಯನ್ನು ಕರೆದುಬಿಟ್ಟಿದ್ದೆ. ಅವರೆದುರು ನಮ್ಮ ಒಂದೇ ಕೋಣೆಯ ಮನೆ ಚೆಂದ ಕಾಣಬೇಕು, ಅಷ್ಟೇ ಆಸೆ. ಹಬ್ಬ ಸಂಜೆ ಐದಕ್ಕೆ. ಅಪ್ಪನ ಪಾಳಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ, ರಜೆ ಸಿಗಲಿಲ್ಲ. ಹಾಗಾಗಿ ಹಿಂದಿನ ದಿನ ರಾತ್ರಿ ಪಾಳಿ ಮುಗಿಸಿ ಬಂದವನೇ ಪುಗ್ಗಾ ಊದಲು ಕೂತ. ಪಕ್ಕದಲ್ಲಿ ಅದೇ ಡಬ್ಬಿ.

ನಾಳೆ ನಾನೇ ಊದುತ್ತೇನೆ ಬಿಡು ಎಂದು ಗೋಗರೆದೆ. ಕೇಳುವ ಗಿರಾಕಿಯೇ ಅಲ್ಲ.

“ಯವ್ವಾ, ರಬ್ಬರ ಅಂದ್ರ ಗಿಡದ ಹಾಲು. ಹೆಪ್ಪುಗಟ್ಟಿ ಹಿಂಗ ಆಗೇತಿ. ಕಣ್ಣಿಗೆ ಕಾಣೂದಿಲ್ಲ, ಆದ್ರ ಅದರಾಗ ಸಣ್ಣ ಸಣ್ಣ ತೂತ ಇರ್ತಾವ. ನೀ ಗಂಟ ಎಷ್ಟ ಬಿಗೀ, ಗಾಳಿ ಮೈಯಾಗಿಂದನ ಹೋಗತೈತಿ. ಒಳಗ ಗಂಜಿ ಹಚ್ಚಿದ್ರ ತೂತ ಮುಚ್ಚತಾವ.”

ಗೆಳತಿಯರು ಹೋದ ಮೇಲೆ ಗಾಳಿ ಹೋದರೆ ಏನು ಗಂಟು ಹೋಗುತ್ತದೆ ಎಂದು ಕೇಳಿದೆ. ಅಪ್ಪ ಒಂದೊಂದು ಪುಗ್ಗಾಕ್ಕೂ ಚಮಚದಷ್ಟು ಗಂಜಿ ಹಾಕಿ, ಅಂಗೈಯಲ್ಲಿ ತಿಕ್ಕಿ, ಊದಿ, ನೂಲಿನಿಂದ ಬಿಗಿದು ಗೋಡೆಗೆ ಕಟ್ಟಿದ. “ನಾ ಬರೂತನಕಾ ನಿಂದ್ರಬೇಕಲಾ,” ಎಂದ. ತನ್ನ ಕರಾಮತ್ತು ತಾನು ನೋಡಬೇಕಂತೆ ಎಂದುಕೊಂಡು ಹಲ್ಲು ಕಚ್ಚಿದೆ.

ಮರುದಿನ ಪುಗ್ಗಾ ಗುಂಡಗೇ ಇದ್ದವು, ಸುಳ್ಳೇಕೆ ಹೇಳಲಿ. ಕೇಕು ಕತ್ತರಿಸುವ ಹೊತ್ತಿಗೆ ಗೆಳತಿಯೊಬ್ಬಳು ಒಂದನ್ನು ಹಿಸುಕಿದಳು. ಢಬ್ಬೆಂದಿತು. ಒಂದು ರಾತ್ರಿ ಕಳೆದು ಹುಳಿ ಬಂದ ಗಂಜಿ ಅವಳ ಹೊಸ ಫ್ರಾಕಿಗೆ, ಕೇಕಿಗೆ, ನನ್ನ ಜಡೆಗೆ ಸಿಡಿಯಿತು. ಅವಳು ಅತ್ತಳು, ಉಳಿದವರು ಮೂಗು ಮುಚ್ಚಿಕೊಂಡು ನಕ್ಕರು. ಆ ವರ್ಷವಿಡೀ ಶಾಲೆಯಲ್ಲಿ ಆ ನಗು ನನ್ನ ಬೆನ್ನು ಬಿಡಲಿಲ್ಲ. ಅವರು ಹೋದ ಮೇಲೆ ಅವ್ವ ಉಳಿದ ಪುಗ್ಗಾಗಳನ್ನೆಲ್ಲ ಮೋರಿಯಲ್ಲಿ ಒಡೆದಳು. ಕಪಾಟಿನ ಮೇಲಿನದೊಂದು ಕೈಗೆ ಎಟುಕಲಿಲ್ಲ.

ಎಂಟಕ್ಕೆ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಗೋಡೆ ನೋಡಿದ. ಆ ಒಂದನ್ನು ಇಳಿಸಿ ಎರಡೂ ಅಂಗೈಯಲ್ಲಿ ಮೆಲ್ಲಗೆ ಒತ್ತಿದ. ಮುಖ ಅರಳಿತು. ನನಗೆ ಮೈಯೆಲ್ಲ ಉರಿಯಿತು.

“ನೀ ಇಲ್ಲದಿದ್ರ ಚಂದ ಆಗತಿತ್ತು,” ಎಂದೆ.

ಅಪ್ಪ ಪುಗ್ಗಾ ಮೇಲಿಟ್ಟು, ಗಂಜಿ ಸಿಡಿದ ಕೇಕಿನ ಚೂರನ್ನು ಬೆರಳಿನಿಂದ ಒರೆಸಿಕೊಂಡು ತಿಂದ. ಅವ್ವ ಬೇಡವೆಂದರೂ ತಿಂದ. ಆ ಪುಗ್ಗಾ ಎಷ್ಟೋ ದಿನ ಅಲ್ಲೇ ಇತ್ತು.

ಈಗ ನಾನು ನರ್ಸು. ನಾಳೆ ನನ್ನ ಮಗಳ ಹುಟ್ಟುಹಬ್ಬ, ನಾಳೆಯೇ ನನಗೆ ಮಧ್ಯಾಹ್ನದ ಡ್ಯೂಟಿ. ಬದಲಿಗೆ ಯಾರೂ ಒಪ್ಪಲಿಲ್ಲ. ನಾನು ಮನೆ ಮುಟ್ಟುವಷ್ಟರಲ್ಲಿ ಮಕ್ಕಳೆಲ್ಲ ಹೋಗಿರುತ್ತಾರೆ. ಗ್ಯಾಸಿನ ಪುಗ್ಗಾ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಂಗಡಿಯವನನ್ನು ಮರಾಠಿಯಲ್ಲಿ ಕೇಳಿದೆ. ಅವನು ಕನ್ನಡ ನಡೆಯುವ ಗಡಹಿಂಗ್ಲಜ ಕಡೆಯವನಂತೆ. ಫೋನಿನಲ್ಲಿ ನಾನು ಬೈದದ್ದು ಕೇಳಿದ್ದ, ಕನ್ನಡದಲ್ಲೇ ಉತ್ತರ ಕೊಟ್ಟ.

“ಸಾದಾ ಪುಗ್ಗಾ ನಾಳಿ ಸಂಜೀಮಟ ನಿಂದ್ರೂದಿಲ್ರೀ ಅಕ್ಕಾರ. ಒಳಗ ಹಚ್ಚೂ ಅಂಟ ಬಂದೈತಿ. ಅದನ್ನ ಹಚ್ಚಿದ್ರ ನಾಕ ದಿನ ಚಿಂತಿಲ್ಲ.”

ಬಾಟಲಿ ತೋರಿಸಿದ. ಒಳಗೆ ಥೇಟ್ ಗಂಜಿ. ನನಗೆ ಆದ ಸಂಕಟ ಯಾರಿಗೆ ಹೇಳಲಿ? ಅಪ್ಪನೆಂಬ ಈ ಮನುಷ್ಯ ಅಂದು ಹೇಳಿದ್ದು ಖರೆಯಾಗಿತ್ತಲ್ಲ!

“ಹಚ್ಚರಿ,” ಎಂದೆ. “ನಾ ಬರೂತನಕಾ ನಿಂದ್ರಬೇಕ್ರಿ.”

ಹೇಳಿದ ಮೇಲೆ ಅದು ಅಪ್ಪನದೇ ಮಾತೆಂದು ಕಿವಿಗೆ ಬಿತ್ತು. ಅಂಗಡಿಯವನು ಎಷ್ಟು ಪುಗ್ಗಾ ಎಂದು ಎರಡು ಸಲ ಕೇಳಬೇಕಾಯಿತು.

ಮನೆಯಲ್ಲಿ ಅಪ್ಪ ಮಿಕ್ಸರಿನ ಮುಂದೆಯೇ ಇದ್ದ. ನನ್ನ ಕೈಯಿಂದ ಒಂದು ಪುಗ್ಗಾ ಎಳೆದುಕೊಂಡು ಎರಡೂ ಅಂಗೈಯಲ್ಲಿ ಒತ್ತಿ, ಬೆಳಕಿಗೆ ಹಿಡಿದ. ಒಳಗಿನ ಅಂಟು ಕಂಡಿರಬೇಕು, ನನ್ನ ಮುಖ ನೋಡಿದ.

“ಅವತ್ತ ನೀ ಇದ್ದಿದ್ರ ಚಂದ ಆಗತಿತ್ತಪಾ,” ಎಂದೆ.

ಅಪ್ಪ ಬಹಳ ಹೊತ್ತು ಪುಗ್ಗಾ ಬಿಡಲಿಲ್ಲ. ಆಮೇಲೆ, ಮಿಕ್ಸರಿನ ಒಂದು ಸ್ಕ್ರೂ ಕಾಣಿಸುತ್ತಿಲ್ಲ, ಸ್ವಲ್ಪ ಹುಡುಕು ಎಂದ. ಇಬ್ಬರೂ ನೆಲದ ಮೇಲೆ ಕೂತು ಹುಡುಕಿದೆವು.