ಸಾಕವ್ವ ಅಂತ ಬರೀರಿ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಂಡೆಯ ನೀರು ಕಾಸಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ ಎರೆದೆ. ಲೋಬಾನದ ಹೊಗೆ ಹಿಡಿದು ತಲೆಗೆ ಕುಂಚಗಿ ಕಟ್ಟಿದೆ. ಹಿಂದಿನ ಕೋಣೆಯಲ್ಲಿ ಮಗ್ಗಗಳು ಶುರುವಾಗಿದ್ದವು. ಇಳಕಲ್ಲಿನ ನಮ್ಮ ಓಣಿಯ ಕೂಸುಗಳು ಆ ಸಪ್ಪಳಕ್ಕೇ ನಿದ್ದೆ ಹೋಗುತ್ತವೆ. ಇವಳು ನನ್ನ ಮೂರನೆಯ ಮಗಳು. ಪುರಸಭೆಯಲ್ಲಿ ಜನನ ದಾಖಲಾಗಿತ್ತು, ಹೆಸರು ಬರೆಸುವುದಷ್ಟೇ ಉಳಿದಿತ್ತು.

ತೊಟ್ಟಿಲಿಗೆ ಹಾಕಿದ ದಿನ ನಮ್ಮ ಮನೆಯವರ ಅಕ್ಕ ಹುನಗುಂದದಿಂದ ಬಂದು, ಸೋದರತ್ತೆಯ ಹಕ್ಕಿನಿಂದ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದ್ದರು. ಹೆಸರಿಟ್ಟವಳ ಬೆನ್ನಿಗೆ ನೆರೆದ ಹೆಂಗಸರೆಲ್ಲ ಗುದ್ದುವುದು ನಮ್ಮ ಕಡೆಯ ಪದ್ಧತಿ. ನಾನೂ ನಕ್ಕು ಗುದ್ದಿದ್ದೆ. ಅವರಿಟ್ಟ ಹೆಸರು ಸಾಕವ್ವ. ಹೆಣ್ಣು ಸಾಕು, ಇನ್ನು ಬೇಡ ಅಂತ. ತೊಟ್ಟಿಲ ಹೆಸರು ತಾನೇ, ಮನೆಯೊಳಗೇ ಇರುತ್ತದೆ, ಸಾಲಿ ಹೆಸರು ಬೇರೆ ಇಡೋಣ ಎಂದುಕೊಂಡಿದ್ದೆ. ಮನಸ್ಸಿನಲ್ಲಿ ಒಂದು ಹೆಸರೂ ಇತ್ತು.

"ಕೂಸಿನ ಹೆಸರು?" ಆ ಮಧ್ಯಾಹ್ನ ಪುರಸಭೆಯ ಕಿಟಕಿಯಲ್ಲಿ ಕಾರಕೂನರು ತಲೆ ಎತ್ತದೆ ಕೇಳಿದರು.

"ಸಾಕವ್ವ ಅಂತ ಬರೀರಿ," ಎಂದರು ಜತೆಗೆ ಬಂದಿದ್ದ ಅಕ್ಕಾರು.

"ಬ್ಯಾಡ್ರಿ," ಎಂದೆ. "ಅದು ತೊಟ್ಟಿಲ ಹೆಸರ್ರಿ."

ಪಕ್ಕದಲ್ಲಿ ನಿಂತಿದ್ದ ನಮ್ಮ ಮನೆಯವರ ಕೈ ಬಂದದ್ದು ಕಾಣಲೇ ಇಲ್ಲ. ಕೆಳತುಟಿ ಹಲ್ಲಿಗೆ ಸಿಕ್ಕು ಸೀಳಿತು. ಕೂಸಿನ ಬಿಳಿ ಕುಂಚಗಿಯ ಮೇಲೆ ಹನಿಯೊಂದು ಬಿದ್ದು ನಿಧಾನವಾಗಿ ಅಗಲವಾಯಿತು.

"ನಮ್ಮಕ್ಕ ಇಟ್ಟ ಹೆಸರು ನಿನಗ ಹೊಲಸಾತೇನ?"

"ಕಾನ್ವೆಂಟ್ ಕಲ್ತಾಳಲ್ಲೋ, ಆಕಿಗೆ ಹೆಂಗ ಸೇರೀತು?" ಅಕ್ಕಾರು ಕೂಸಿನ ಕಾಲು ಹಿಡಿದು ಎಳೆದರು. "ಕೊಡ ಇಲ್ಲೆ! ನಾಕನೇದೂ ಹೆಣ್ಣ ಹಡೀಬೇಕಂತಿ ಏನ?"

ಕೂಸು ಚೀರಿತು. ದನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ದನಿ ಎತ್ತಲಿಲ್ಲ. ಅಕ್ಕಾರ ಮುಂಗೈ ಕಚ್ಚಿದೆ. ಹಸಿರು ಬಳೆಗಳು ನನ್ನ ಹಲ್ಲಿನ ಕೆಳಗೆ ಒಡೆದವು. ಅವರು ನನ್ನ ಹೆರಳು ಹಿಡಿದು ಹಣೆಯನ್ನು ಕಿಟಕಿಯ ಸರಳಿಗೆ ಬಡಿದರು, ಮತ್ತೆ ಬಡಿದರು. ಪಾಳಿಯಲ್ಲಿ ನಿಂತವರು ಹಿಂದೆ ಸರಿದು ಜಾಗ ಮಾಡಿಕೊಟ್ಟರು. ಕೂಸನ್ನು ಮಾತ್ರ ನಾನು ಬಿಡಲಿಲ್ಲ.

"ಏ, ಹೊರಗ ಹೋಗಿ ಬಡದಾಡ್ರೆಪಾ," ಕಾರಕೂನರು ಗಡಿಯಾರ ನೋಡಿದರು. "ನನಗ ಊಟದ ಹೊತ್ತಾತು. ಹಡದಾಕಿ ಯಾರು?"

"ನಾನ್ರಿ."

"ಲಗೂ ಹೇಳ್ರಿ ಮತ್ತ."

ಹೇಳಿದೆ. ಬಾಯಲ್ಲಿ ರಕ್ತವಿದ್ದುದರಿಂದ ಅಕ್ಷರ ಬಿಡಿಸಿ ಇನ್ನೊಮ್ಮೆ ಹೇಳಬೇಕಾಯಿತು. ನಮ್ಮ ಮನೆಯವರು "ತಡೀರಿ" ಎನ್ನುವಷ್ಟರಲ್ಲಿ ಕಾರಕೂನರು ಬರೆದು ಮುಗಿಸಿ ಊಟದ ಡಬ್ಬಿ ಬಿಚ್ಚುತ್ತಿದ್ದರು.

ಮನೆಗೆ ಬಂದವರೇ ನಮ್ಮ ಮನೆಯವರು ಮಗ್ಗದಿಂದ ಲಾಳಿ ಕಿತ್ತುಕೊಂಡು ನನ್ನ ಹೆಗಲಿಗೆ ಹೊಡೆದರು. ಲಾಳಿಯ ತುದಿಗೆ ಕಬ್ಬಿಣವಿರುತ್ತದೆ. ಉಳಿದ ಮಗ್ಗಗಳು ನಿಲ್ಲಲಿಲ್ಲ. ದೊಡ್ಡ ಹುಡುಗಿಯರಿಬ್ಬರೂ ತೊಟ್ಟಿಲ ಕೆಳಗೆ ಸೇರಿಕೊಂಡು ತಂಗಿಯ ಹೊಸ ಹೆಸರನ್ನು ಪಿಸುದನಿಯಲ್ಲಿ ಅಂದು ನೋಡುತ್ತಿದ್ದರು.

ಸಂಜೆ ಪಕ್ಕದ ಮನೆಯ ಕಾಕೂ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ನನ್ನ ತುಟಿ ನೋಡಿದರು, ಹಣೆ ನೋಡಿದರು, ಬಟ್ಟಲು ಮುಂದೆ ಹಿಡಿದರು.

"ಒಂದು ಹೆಸರಿಗೆ ಇಷ್ಟ್ಯಾಕ ಬಡಿಸ್ಕೊಂಡಿ ತಂಗಿ? ನಾಳೆ ಮದುವ್ಯಾಗ ಗಂಡನ ಮನಿಯವರು ಹೆಂಗೂ ಬದ್ಲಿ ಮಾಡ್ತಾರ."