ಗೆರೆ ಹೇಳದ ಮಾತು

ಶೆಟ್ಟಿಕೆರೆಯ ಶಾಲೆಯಲ್ಲಿ ಮಕ್ಕಳ ತಪಾಸಣೆ. ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ಬೆರಳು ಚುಚ್ಚಿ ನೋಡುವ ಕೆಲಸ ನನ್ನದು. ಪರೀಕ್ಷೆಯ ಪಟ್ಟಿಯ ಮೇಲೆ ಒಂದು ಹನಿ ರಕ್ತ ಬಿಟ್ಟು ಕಾಯಬೇಕು. ಎರಡು ಗೆರೆ ಮೂಡಿದರೆ ಅನುಮಾನ, ಒಂದೇ ಆದರೆ ನಿರಾಳ.

ಅಜ್ಜಿಯೊಬ್ಬರ ತೊಡೆಯ ಮೇಲಿದ್ದ ಪುಟ್ಟ ಹುಡುಗಿಗೆ ಒಂದೇ ಗೆರೆ ಬಂತು. "ಏನೂ ಇಲ್ಲ ಅಜ್ಜಿ, ಧಾರಾಳವಾಗಿ ಚಪಾತಿ ಕೊಡಿ" ಎಂದೆ.

"ಚಪಾತಿನಾ? ತಿಂದ್ರೆ ಹೊಟ್ಟೆ ಉಬ್ಬರಿಸ್ಕೊಂಡು ಅಳೋಳು ಕಣಪ್ಪ. ಯುಗಾದಿಯಿಂದ ಬುಡ್ಸಿದೀನಿ. ಈಗ ಬರೀ ರಾಗಿಮುದ್ದೆ, ಅನ್ನ."

ಗೋಧಿಯನ್ನೇ ಬಿಟ್ಟ ಮಗುವಿನ ರಕ್ತದಲ್ಲಿ ಕಾಯಿಲೆಯ ಗುರುತು ಸಿಗದೆ ಹೋಗಬಹುದು. ಸರಿಯಾಗಿ ಗೊತ್ತಾಗಬೇಕಾದರೆ ಡಾಕ್ಟರು ಕೆಲವು ವಾರ ಮತ್ತೆ ಗೋಧಿ ತಿನ್ನಿಸಲು ಹೇಳಬಹುದು ಎಂದು ಮೆಲ್ಲಗೆ ತಿಳಿಸಿದೆ.

ಅಜ್ಜಿ ಮೊಮ್ಮಗಳ ಕೆನ್ನೆ ಸವರಿದರು. "ಈಗ ಒಸಿ ಕೆನ್ನೆ ತುಂಬ್ಕೊಂಡವೆ. ನಿನ್ನ ಗೆರೆಗೋಸ್ಕರ ಮತ್ತೆ ಅಳಿಸ್ಲಾ?"

ತಿಪಟೂರಿನ ಮಕ್ಕಳ ಡಾಕ್ಟರಿಗೆ ಚೀಟಿ ಬರೆದೆ: 'ತೀರ್ಮಾನ ನಿಮ್ಮದು, ಆದರೆ ಮೊದಲು ಅಜ್ಜಿ ಹೇಳೋದನ್ನ ಕೇಳಿ.' ಅಜ್ಜಿ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು, ನನ್ನ ಕೈಗೊಂದು ಚೂರು ಕೊಬ್ಬರಿ ಇಟ್ಟು ಹೋದರು.

ಈಗ ಸೂಜಿ ತೆಗೆಯುವ ಮೊದಲೇ ಕೇಳಿಬಿಡುತ್ತೇನೆ: "ಈ ಮಗೂಗೆ ಊಟ ತಿನ್ನಿಸೋರು ಯಾರು? ಚಪಾತಿ ಕೊಡ್ತಿದ್ದೀರೋ, ಬಿಡ್ಸಿದೀರೋ?"